ಸಂಪಾದಕರ ಉತ್ತರ: ಎರಡೆಕರೆ ಗೋಧಿಯ ಲೆಕ್ಕ

ನಮಸ್ಕಾರ.

ನ್ಯೂಯಾರ್ಕ್ ನಗರದ ನಡುವೆ ಎರಡೆಕರೆ ಗೋಧಿ ಬೆಳೆದು ಅದನ್ನೇ ಕಲಾಕೃತಿ ಮಾಡಿದ ಕಲಾವಿದೆ ಆಗ್ನೆಸ್ ಡೆನೆಸ್ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಗದಗದ ಕಡೆಯಿಂದ ಬರೆದಿದ್ದೀರಿ. "ಎರಡೆಕರೆಗೆ ನಾಲ್ಕೂವರೆ ಕ್ವಿಂಟಲ್ ಗೋಧಿ! ನಮ್ಮ ಅಪ್ಪ ಬರೀ ಮಳೆ ನಂಬಿ ಇದಕ್ಕಿಂತ ಜಾಸ್ತಿ ತೆಗೆಯುತ್ತಿದ್ದರು. ಅವರನ್ನು ಯಾರೂ ಕಲಾವಿದ ಅನ್ನಲಿಲ್ಲ. ಇದರಲ್ಲಿ ಕಲೆ ಎಲ್ಲಿದೆ? ವಿಜ್ಞಾನ ಎಲ್ಲಿದೆ?" ಎಂದು ಕೇಳಿದ್ದೀರಿ. ಪತ್ರದಲ್ಲಿ ಸಿಟ್ಟಿದೆ, ಆದರೆ ಪ್ರಶ್ನೆ ಸರಿಯಾಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇಳುವರಿ ವಿಷಯದಲ್ಲಿ ನಿಮ್ಮ ಮಾತು ನಿಜ. ಬಂದದ್ದು ಸಾವಿರ ಪೌಂಡಿಗಿಂತ, ಅಂದರೆ ನೀವು ಹೇಳಿದ ನಾಲ್ಕೂವರೆ ಕ್ವಿಂಟಲಿಗಿಂತ, ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಆ ಹೊಲ ಎಲ್ಲಿತ್ತು ನೋಡಿ. ನ್ಯೂಯಾರ್ಕಿನ ಮ್ಯಾನ್‌ಹಟನ್ ತುದಿಯಲ್ಲಿ, ಷೇರು ಪೇಟೆಯ ಬೀದಿ ವಾಲ್ ಸ್ಟ್ರೀಟಿನ ಪಕ್ಕದಲ್ಲೇ. ವರ್ಲ್ಡ್ ಟ್ರೇಡ್ ಸೆಂಟರ್ ಕಟ್ಟಲು ಪಾಯ ಅಗೆದಾಗ ಬಂದ ಕಲ್ಲುಮಣ್ಣನ್ನೂ ಸುರಿದು ನೀರಿನಲ್ಲಿ ಎಬ್ಬಿಸಿದ ನೆಲ ಅದು. 1982ರಲ್ಲಿ ಡೆನೆಸ್ ಮತ್ತು ಜೊತೆಗಿದ್ದವರು ಅಲ್ಲಿನ ಕಲ್ಲು, ಕಸ ಆರಿಸಿ ತೆಗೆದರು. 200 ಲಾರಿ ಮಣ್ಣು ತರಿಸಿದರು. ಕೈಯಲ್ಲೇ 285 ಸಾಲು ತೋಡಿ, ಕೈಯಲ್ಲೇ ಬಿತ್ತಿದರು. ಆಮೇಲೆ ನಾಲ್ಕು ತಿಂಗಳು ನೀರು, ಗೊಬ್ಬರ, ಕಳೆ, ರೋಗಕ್ಕೆ ಔಷಧಿ. ಆ ಪಾಡು ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆಗಸ್ಟ್ 16ಕ್ಕೆ ಕೊಯ್ಲು.

ಆ ನೆಲದ ಬೆಲೆ 450 ಕೋಟಿ ಡಾಲರ್ ಎಂದು ಡೆನೆಸ್ ಹೇಳಿದ್ದಾರೆ. ಅಂಥ ಕಡೆ ಗೋಧಿ ಹಾಕಿದರೆ ಯಾವ ಲೆಕ್ಕವೂ ಕೂಡಿ ಬರುವುದಿಲ್ಲ. ಕೂಡಿ ಬರಬಾರದು ಎಂದೇ ಅವರು ಹಾಕಿದ್ದು. ಕೃತಿಯ ಹೆಸರಿನಲ್ಲೇ 'ಮುಖಾಮುಖಿ' ಎಂಬ ಮಾತಿದೆ. ದುಡ್ಡಿನ ಪೇಟೆಯಲ್ಲಿ ಧಾನ್ಯ ಅಂದರೆ ಬರೀ ಅಂಕಿ, ಅಲ್ವಾ? ಆ ಪೇಟೆಯ ಮುಂದೆಯೇ ತೆನೆ ತೂಗಾಡಿತು. ನಿಮ್ಮ ತಂದೆಯವರ ದುಡಿಮೆಯನ್ನು ಡೆನೆಸ್ ಮೀರಿಸಲಿಲ್ಲ. ಅಂಥ ದುಡಿಮೆಯನ್ನು ಎಂದೂ ಕಾಣದವರ ಕಣ್ಣೆದುರು ತಂದು ನಿಲ್ಲಿಸಿದರು. ನನ್ನ ಮಟ್ಟಿಗೆ ಕಲೆ ಇರುವುದು ಅಲ್ಲಿ. ಕಾಳು ಆಮೇಲೆ ಹಸಿವಿನ ಕುರಿತ ಒಂದು ಪ್ರದರ್ಶನದ ಜೊತೆ 28 ನಗರ ಸುತ್ತಿತು. ಹುಲ್ಲು ನ್ಯೂಯಾರ್ಕ್ ಪೊಲೀಸರ ಕುದುರೆಗಳಿಗೆ ಮೇವಾಯಿತು.

ವಿಜ್ಞಾನ ಎಲ್ಲಿದೆ ಎಂಬುದಕ್ಕೆ ನಮ್ಮ ಲೇಖನದಲ್ಲಿ ಉತ್ತರವೇ ಇರಲಿಲ್ಲ. ಆ ತಪ್ಪು ನಮ್ಮದು. ಅದನ್ನು ಹೇಳಲು ಫಿನ್‌ಲ್ಯಾಂಡಿಗೆ ಹೋಗಬೇಕು. ಅಲ್ಲಿನ ಯುಲೊಯಾರ್ವಿ ಎಂಬಲ್ಲಿ ಜಲ್ಲಿ ತೆಗೆದು ಹಾಳಾದ ಜಾಗವೊಂದಿತ್ತು. ಅಲ್ಲಿ ಡೆನೆಸ್ ಒಂದು ಗುಡ್ಡ ಎಬ್ಬಿಸಿ, 1992ರಿಂದ 1996ರ ನಡುವೆ 11,000 ಜನರ ಕೈಯಲ್ಲಿ 11,000 ಗಿಡ ನೆಡಿಸಿದರು. ಗಿಡಗಳನ್ನು ಸುಮ್ನೆ ನೆಟ್ಟದ್ದಲ್ಲ. ಸೂರ್ಯಕಾಂತಿಯಲ್ಲಿ, ಅನಾನಸಿನಲ್ಲಿ ಕಾಣುವ ಗಣಿತದ ಸುತ್ತು ಹಿಡಿದು ನೆಟ್ಟದ್ದು.

ನಿಮ್ಮ ಪತ್ರ ಓದಿದ ಮೇಲೆ ಒಂದು ಸೂರ್ಯಕಾಂತಿ ತೆನೆ ತರಿಸಿ ಮೇಜಿನ ಮೇಲಿಟ್ಟುಕೊಂಡೆ. ಕಾಳುಗಳು ನಡುವಿನಿಂದ ಅಂಚಿಗೆ ಸುತ್ತಿಕೊಂಡು ಹೋಗುತ್ತವೆ, ಕೆಲವು ಸುತ್ತು ಬಲಕ್ಕೆ, ಕೆಲವು ಎಡಕ್ಕೆ. ಪೆನ್ನಿನಲ್ಲಿ ಗುರುತು ಹಾಕುತ್ತಾ ಎಣಿಸಿದೆ. ಒಂದು ಕಡೆಗೆ 34, ಇನ್ನೊಂದು ಕಡೆಗೆ 55. 13, 21, 34, 55: ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುತ್ತದೆ. ಹೀಗೆ ಕೂತರೆ ಕಾಳುಗಳ ನಡುವೆ ಜಾಗ ಹಾಳಾಗುವುದಿಲ್ಲ. ನಿಮ್ಮ ಕಡೆ ಇದು ದಿನಾ ಕಾಣುವ ಬೆಳೆ. ಒಮ್ಮೆ ಎಣಿಸಿ ನೋಡಿ.

ಫಿನ್‌ಲ್ಯಾಂಡಿನ ಆ ಗುಡ್ಡದಲ್ಲಿ ಗಿಡ ನೆಟ್ಟ ಪ್ರತಿಯೊಬ್ಬರಿಗೂ ಒಂದು ಹಕ್ಕುಪತ್ರ ಕೊಟ್ಟಿದ್ದಾರೆ. ಅದು 400 ವರ್ಷ ನಡೆಯುತ್ತದೆ. ಮರದ ಹಕ್ಕು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಅವರ ಮಕ್ಕಳಿಗೆ ಹೋಗುತ್ತದೆ. ಆಸ್ತಿ ಪತ್ರದ ಹಾಗೇ, ಆದರೆ ಕೈಗೆ ಬರುವುದು ಮರ ಕಾಯುವ ಕೆಲಸ.

ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. 1979ರಲ್ಲಿ ನಯಾಗರಾ ಹತ್ತಿರ ಡೆನೆಸ್ ಒಂದು ಪೆಟ್ಟಿಗೆ ಹೂತರು. ಬದುಕಿನಲ್ಲಿ ಯಾವುದು ಮುಖ್ಯ, ಮನುಷ್ಯರ ಮುಂದಿನ ಗತಿ ಏನು ಎಂದು ಕೇಳಿದ್ದಕ್ಕೆ ವಿದ್ಯಾರ್ಥಿಗಳು ಬರೆದ ಉತ್ತರಗಳು ಅದರಲ್ಲಿವೆ. ತೆರೆಯಬೇಕಾದ್ದು 2979ರಲ್ಲಿ. ಸಾವಿರ ವರ್ಷದ ಆಚೆ ಓದುವವರು ಇರುತ್ತಾರೆ ಎಂಬ ಅಷ್ಟು ದೊಡ್ಡ ನಂಬಿಕೆ!

ನಿಮ್ಮ ತಂದೆಯವರು ಬಿತ್ತುತ್ತಿದ್ದ ಗೋಧಿ ಯಾವ ತಳಿ? ಬೀಜ ಹೇಗೆ ಕಾಯ್ದಿಡುತ್ತಿದ್ದರು? ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕೇ ಇಟ್ಟಿದ್ದೇನೆ.

— ಸಂಪಾದಕ