‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕಾದಂಬರಿಯಲ್ಲಿ ದುಡ್ಡು ಯಾವುದರ ಸಂಕೇತ?

1860–61ರಲ್ಲಿ ಧಾರಾವಾಹಿಯಾಗಿ ಬಂದ ಡಿಕನ್ಸ್‌ನ ಈ ಕಾದಂಬರಿಯಲ್ಲಿ ದುಡ್ಡು ದುರಾಸೆಯ ಸಂಕೇತ ಅಂತ ಪ್ರಬಂಧ ಬರೆದರೆ ಸಾಕಾ ಎಂದು ಕೇಳಿದ್ದೀರಿ. ಸಾಕಾಗಲ್ಲ. ಕಥಾನಾಯಕ ಪಿಪ್‌ಗೆ ಕೂಡಿಡುವ ಆಸೆಯೇ ಇಲ್ಲ. ಬಂದದ್ದನ್ನೆಲ್ಲ ಖರ್ಚು ಮಾಡಿ ಮೇಲೆ ಸಾಲ ಮಾಡುವ ಹುಡುಗ ಅವನು. ನನ್ನ ಪ್ರಕಾರ ಅಲ್ಲಿ ದುಡ್ಡು ಅಂದರೆ ಕಣ್ಣಿಗೆ ಬೀಳದ ಬೇರೊಬ್ಬರ ದುಡಿಮೆ.

ನಾನು ವಿರಾಜಪೇಟೆ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಕುಯ್ಲಿನ ದಿನಗಳಲ್ಲಿ ಸಂಜೆ ಒಬ್ಬೊಬ್ಬರ ಚೀಲ ತೂಗಿಸಿ, ಹೆಸರಿನ ಮುಂದೆ ಕೆ.ಜಿ. ಬರೆಯುತ್ತೇನೆ. ಹಣ್ಣು ಕಣದಲ್ಲಿ ಒಣಗಿ ಮೂಟೆಯಾಗಿ ಲಾರಿ ಹತ್ತುತ್ತದೆ. ಹೆಸರುಗಳು ನನ್ನ ಪುಸ್ತಕದಲ್ಲೇ ಉಳಿಯುತ್ತವೆ. ಹಾಗಾಗಿಯೋ ಏನೋ, ಪಿಪ್ ಕತೆಯಲ್ಲಿ ನನ್ನ ಕಣ್ಣು ಹೋಗಿದ್ದು ಈ ಕಡೆಗೇ. ಹಳ್ಳಿಯ ಬಡ ಹುಡುಗ ಪಿಪ್‌ನನ್ನು ಯಾರೋ ಗುಟ್ಟಾಗಿ ದುಡ್ಡು ಕೊಟ್ಟು ಲಂಡನ್‌ಗೆ ಕರೆಸಿಕೊಳ್ಳುತ್ತಾರೆ. ಯಾರು ಕೊಟ್ಟರು ಅಂತ ಕೇಳಬಾರದು ಎಂಬುದು ವಕೀಲ ಜ್ಯಾಗರ್ಸ್ ಹಾಕುವ ಷರತ್ತು. ಶ್ರೀಮಂತೆ ಮಿಸ್ ಹ್ಯಾವಿಶಮ್ ಇರಬೇಕು ಅಂತ ಪಿಪ್ ತಾನೇ ಅಂದುಕೊಂಡು ಹಾಯಾಗಿರುತ್ತಾನೆ. ನಿಜವಾಗಿ ಕೊಟ್ಟವನು ಮ್ಯಾಗ್ವಿಚ್. ಚಿಕ್ಕವನಿದ್ದಾಗ ಪಿಪ್ ಹೆದರಿಕೊಂಡು ಊಟ ತಂದುಕೊಟ್ಟಿದ್ದ ಕೈದಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಕುರಿ ಸಾಕಿ ಸಂಪಾದಿಸಿದ್ದು. ಅದು ಗೊತ್ತಾದದ್ದೇ, ಇಷ್ಟು ದಿನ ಉಂಡು ಉಟ್ಟ ದುಡ್ಡೇ ಪಿಪ್‌ಗೆ ಬೇಡವಾಗುತ್ತದೆ.

ದರ್ಜಿ ಟ್ರ್ಯಾಬ್‌ನ ದೃಶ್ಯ ಮತ್ತೆ ಓದಿ. ಪಿಪ್ ಬಂದಾಗ ಅವನು ತಿಂಡಿ ಬಿಟ್ಟು ಏಳುವುದಿಲ್ಲ. ‘ನನಗೆ ಆಸ್ತಿ ಬಂದಿದೆ’ ಅಂದದ್ದೇ ತಡ, ಬೆಣ್ಣೆ ಮರೆತು, ಕೈಯನ್ನು ಮೇಜಿನ ಬಟ್ಟೆಗೇ ಒರೆಸಿಕೊಂಡು ಎದ್ದು ನಿಲ್ಲುತ್ತಾನೆ. ಗಿನಿ ನಾಣ್ಯ ಇನ್ನೂ ಜೇಬಿನಿಂದ ಹೊರಗೇ ಬಂದಿಲ್ಲ! ಸುದ್ದಿಗೇ ಇಷ್ಟು ಮರ್ಯಾದೆ.

ಇದಕ್ಕೆ ಪೂರಾ ಉಲ್ಟಾ ಪಿಪ್‌ನ ಭಾವ, ಕಮ್ಮಾರ ಜೋ. ಹುಡುಗನನ್ನು ಕಳಿಸಿಕೊಡುವುದಕ್ಕೆ ಪರಿಹಾರ ಅಂತ ಜ್ಯಾಗರ್ಸ್ ದುಡ್ಡು ಕೊಡಲು ಬಂದರೆ ರೇಗಿಬಿಡುತ್ತಾನೆ. ಅದೇ ಜೋ ಲಂಡನ್‌ಗೆ ಬರುತ್ತಾನೆ ಅಂದಾಗ, ದುಡ್ಡು ಕೊಟ್ಟು ತಡೆಯುವ ಹಾಗಿದ್ದರೆ ಖಂಡಿತ ಕೊಡುತ್ತಿದ್ದೆ ಎನ್ನುತ್ತಾನೆ ಪಿಪ್. ಪ್ರಬಂಧದಲ್ಲಿ ಈ ಮಾತು ಬಿಡಬೇಡಿ. ಕೊನೆಗೆ ಪಿಪ್‌ನ 123 ಪೌಂಡ್ ಚಿಲ್ಲರೆ ಸಾಲ ತೀರಿಸುವವನೂ ಜೋನೇ. ರಸೀದಿ ಇಟ್ಟು, ಬೆಳಗ್ಗೆ ಪಿಪ್ ಏಳುವ ಮೊದಲೇ ಊರಿಗೆ ಹೊರಟುಬಿಟ್ಟಿರುತ್ತಾನೆ. ಲೆಕ್ಕ ಬರೆಯುವವನಿಗೆ ಆ ರಸೀದಿ ಎಷ್ಟು ಇಷ್ಟ ಆಗುತ್ತೆ ಅಂತ ನಿಮಗೆ ಗೊತ್ತಿಲ್ಲ ಬಿಡಿ.

ಮ್ಯಾಗ್ವಿಚ್‌ನ ಆಸ್ತಿ ಸರ್ಕಾರದ ಪಾಲಾಗುವುದನ್ನು ಒಂದು ಸಾಲಲ್ಲಿ ಹೇಳಿದರೆ ಸಾಕು. ಅದಕ್ಕಿಂತ ಹರ್ಬರ್ಟ್ ವಿಷಯಕ್ಕೆ ಜಾಗ ಕೊಡಿ. ಗೆಳೆಯನಿಗೆ ವ್ಯಾಪಾರದಲ್ಲಿ ಪಾಲು ಕೊಡಿಸುವಾಗ ಪಿಪ್ ತನ್ನ ಹೆಸರು ಹೇಳಿಕೊಳ್ಳುವುದಿಲ್ಲ. ಮ್ಯಾಗ್ವಿಚ್ ಮಾಡಿದ್ದೂ ಅದನ್ನೇ ಅಲ್ವಾ? ಮುಂದೆ ಪಿಪ್ ಗುಮಾಸ್ತನಾಗಿ ಸೇರಿ ದುಡಿಯುವುದೂ ಅದೇ ಕಂಪನಿಯಲ್ಲಿ.