ಶುಗರ್ ಇದ್ದು ಪಾದದ ಉರಿ ತಾನಾಗಿ ನಿಂತರೆ ನರ ಸರಿಯಾಯಿತು ಅಂತಲಾ?

ಶುಗರ್ ಇದೆ, ಪಾದದ ಉರಿ ತಾನಾಗಿ ನಿಂತಿದೆ, ಚೆನ್ನಾಗಿ ನಡೆಯುತ್ತೇನೆ, ಇನ್ನು ನರಕ್ಕೆ ಯಾವ ಎಣ್ಣೆ ಒಳ್ಳೆಯದು ಅಂತ ಕೇಳಿದ್ದೀರಿ. ಎಣ್ಣೆ ಆಮೇಲೆ. ನನಗೆ ಹೆದರಿಕೆ ಆಗುವುದು ಉರಿ ನಿಂತಿದ್ದಕ್ಕೆ.

ನಾನು ಉಡುಪಿಯವನು. ರಾತ್ರಿ ಹೊದಿಕೆ ತಾಗಿದರೂ ಪಾದ ಉರಿಯುತ್ತಿತ್ತು. ಒಂದು ಮಳೆಗಾಲದಲ್ಲಿ ಅದು ಕಡಿಮೆಯಾಯಿತು. ಖುಷಿಯೋ ಖುಷಿ. ಮಲ್ಪೆ ಬೀಚಿನಲ್ಲಿ ವಾಕಿಂಗ್, ರಥಬೀದಿಯಲ್ಲಿ ಬರಿಗಾಲಲ್ಲಿ ಸುತ್ತು, ಎಲ್ಲಾ ಆರಾಮ. ಪಾದ ಮಾತ್ರ ಥಂಡಿ ಅನಿಸುತ್ತಿತ್ತು. ಅದಕ್ಕೆ ಹಂಡೆಯ ಬಿಸಿನೀರು ಬಕೆಟಿಗೆ ಸುರಿದು ಕಾಲು ಇಳಿಬಿಟ್ಟು ಕೂತೆ.

ಕೈ ಹಾಕಿ ನೋಡಬೇಕಿತ್ತು. ನೋಡಲಿಲ್ಲ. ನೀರಿನ ಬಿಸಿಯನ್ನು ಕಾಲಿನಿಂದಲೇ ನೋಡಿದೆ. ತೆಂಗಿನ ಸಿಪ್ಪೆ ಉರಿಸಿ ಕಾಯಿಸಿದ ನೀರು, ಹಬೆ ಏಳುತ್ತಿತ್ತು, ಕಣ್ಣಿಗೆ ಕಾಣುತ್ತಿತ್ತು. ಆದರೆ ಕಾಲಿಗೆ ಬರೀ ಉಗುರು ಬೆಚ್ಚಗೆ. ನಾನು ಕಣ್ಣನ್ನು ಬಿಟ್ಟು ಕಾಲನ್ನು ನಂಬಿದೆ. ಹೆಂಡತಿ ಬಂದು ಬೆರಳು ಅದ್ದಿದವಳೇ ಕೈ ಕೊಡವಿದಳು. "ಇದೆಂತ ಮಾರಾಯ್ರೆ, ಕಾಲು ಬೇಯಿಸ್ತಾ ಇದ್ದೀರಾ?" ಎತ್ತಿ ನೋಡಿದರೆ ಕಿರುಬೆರಳ ಬುಡದಲ್ಲಿ ಚರ್ಮ ಬಿಳಿಚಿ ಸಡಿಲವಾಗಿತ್ತು. ಗುಳ್ಳೆ ಒಡೆಯಿತು, ಹುಣ್ಣಾಯಿತು, ಕೀವಾಯಿತು. ಕೊನೆಗೆ ಆ ಬೆರಳು ತೆಗೆಯಬೇಕಾಯಿತು. ನೋವು? ಅದೂ ಇರಲಿಲ್ಲ.

ನೀವು ಮಾಡುತ್ತಿರುವ ಲೆಕ್ಕವನ್ನೇ ನಾನೂ ಮಾಡಿದ್ದೆ: ನಡೆಯುತ್ತೇನಲ್ಲ, ನರ ಸರಿ ಇದೆ ಅಂತ. ಆದರೆ ಸ್ನಾಯುವಿಗೆ ಅಪ್ಪಣೆ ಒಯ್ಯುವ ನರದ ಎಳೆಗಳೇ ಬೇರೆ, ಬಿಸಿ, ನೋವು, ಸ್ಪರ್ಶದ ಸುದ್ದಿ ತರುವ ಎಳೆಗಳೇ ಬೇರೆ. ಸುದ್ದಿ ಬೆನ್ನುಹುರಿಯ ಹಿಂಬದಿಯಿಂದ ಒಳಗೆ ಹೋಗುತ್ತದೆ, ಅಪ್ಪಣೆ ಮುಂಬದಿಯಿಂದ ಹೊರಗೆ ಬರುತ್ತದೆ. ಬಿಸಿ ತಾಗಿದರೆ ಮೆದುಳು ತಿಳಿಯುವ ಮೊದಲೇ ಬೆನ್ನುಹುರಿ ಕಾಲನ್ನು ಎಳೆಸಿಬಿಡುತ್ತದೆ. ಸುದ್ದಿಯೇ ಬಾರದಿದ್ದರೆ ಅದು ತಾನೇ ಏನು ಮಾಡೀತು?

ಸುದ್ದಿ ತರುವ ಕೋಶದ ಒಡಲು ಬೆನ್ನುಮೂಳೆಯ ಪಕ್ಕದ ಪುಟ್ಟ ಗಂಟಿನಲ್ಲಿರುತ್ತದೆ. ಅಲ್ಲಿಂದ ಕಾಲ್ಬೆರಳ ತುದಿಯವರೆಗೆ ಅದರ ಒಂದೇ ಎಳೆ, ಸುಮಾರು 1 ಮೀಟರ್ ಉದ್ದ. ಶುಗರ್ ಜಾಸ್ತಿಯಾಗಿ ವರ್ಷಗಟ್ಟಲೆ ಉಳಿದರೆ ಮೊದಲು ಸೊರಗುವುದು ಇಂಥ ಉದ್ದದ ಎಳೆಗಳ ತುದಿ. ಹಾಗಾಗಿ ಜೋಮು ಪಾದದಿಂದ ಶುರುವಾಗುತ್ತದೆ, ಕೈಗೆ ಬರುವುದು ತಡ. ಸೆಕೆಂಡಿಗೆ 0.5ರಿಂದ 2 ಮೀಟರ್ ವೇಗದಲ್ಲಿ ಸುದ್ದಿ ತರುವ ಸಪೂರ ಎಳೆಗಳು ಕೆಡುವಾಗ, ಏನೂ ತಾಗದಿದ್ದರೂ ಸುಮ್ನೆ ಸುದ್ದಿ ಕಳಿಸುತ್ತವೆ. ಉರಿ ಅಂದರೆ ಅದೇ. ಎಳೆ ಪೂರ್ತಿ ಸತ್ತರೆ ಉರಿಯೂ ಇಲ್ಲ. ಶುಗರ್ ಹತೋಟಿಗೆ ಬಂದೂ ಉರಿ ಇಳಿಯಬಹುದು, ನಿಜ. ನಿಮ್ಮದು ಯಾವುದು ಅಂತ ಮನೆಯಲ್ಲಿ ಕೂತು ತೀರ್ಮಾನಿಸಬೇಡಿ.

ಎಣ್ಣೆ ಬಿರಿದ ಹಿಮ್ಮಡಿಗೆ ಒಳ್ಳೆಯದು, ಹಚ್ಚಿ. ಬೆರಳ ಸಂದಿಗೆ ಬೇಡ. ನರಕ್ಕೆ ಅದರಿಂದ ಎಂತದೂ ಆಗುವುದಿಲ್ಲ. ಈ ವಾರವೇ ಡಾಕ್ಟರ ಹತ್ತಿರ ಪಾದ ತೋರಿಸಿ. ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಒತ್ತಿ, ಗೊತ್ತಾಯ್ತಾ ಅಂತ ಕೇಳುತ್ತಾರೆ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕನ್ನು, ಅಂದರೆ ತಟ್ಟಿದರೆ ಕಂಪಿಸುವ ಲೋಹದ ಕವಲನ್ನು, ಕಾಲಿನ ಹೆಬ್ಬೆರಳಿಗೆ ಇಟ್ಟು ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ ತಗೊಳ್ಳುತ್ತಿದ್ದರೆ ವಿಟಮಿನ್ ಬಿ12 ಕೂಡ ಪರೀಕ್ಷೆ ಮಾಡಿಸಿ, ಅದು ಕಡಿಮೆಯಾದರೂ ಹೀಗೇ ಜೋಮು ಹಿಡಿಯುತ್ತದೆ. ಅಲ್ಲಿಯವರೆಗೆ ಬರಿಗಾಲು ಬೇಡ, ಅಂಗಳಕ್ಕೂ.