ಕೇಳಿ, ಹೇಳ್ತೀನಿ: ಪ್ರೋಟೀನ್ ಕಟ್ಟೋದು, ಅದಕ್ಕೆ ಇನ್ನೊಂದು ಅಂಟಿಸೋದು

ಹೋದ ಸಂಚಿಕೆಯಲ್ಲಿ ಪ್ರೋಟೀನನ್ನ ಲ್ಯಾಬಲ್ಲೂ ಕಟ್ಟಬಹುದು ಅಂತ ಒಂದು ಮಾತು ಬರೆದಿದ್ದೆ, ಅದಕ್ಕೇ ಇಷ್ಟೊಂದು ಪತ್ರ ಬಂದಿದೆ. ಪ್ರೋಟೀನ್ ಅಂದ್ರೆ ಅಮೈನೋ ಆಸಿಡ್ ಅನ್ನೋ ಸಣ್ಣ ಸಣ್ಣ ಅಣುಗಳನ್ನ ಹೂವಿನ ಥರ ಸಾಲಾಗಿ ಕಟ್ಟಿದ ಸರ, ಸರ ಗಿಡ್ಡ ಇದ್ರೆ ಪೆಪ್ಟೈಡ್ ಅಂತಾರೆ. ನಾನು ಪೆಪ್ಟೈಡ್ ಲ್ಯಾಬಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ ಆಮೇಲೆ ಮೈಸೂರಿಗೆ ವಾಪಸ್ ಬಂದೋಳು, ಈ ವಿಷಯ ಕೇಳಿದ್ರೆ ನಂಗೆ ಮಾತು ನಿಲ್ಲಲ್ಲ. ಐದು ಪ್ರಶ್ನೆ ತಗೊಂಡಿದೀನಿ.

ಮೇಡಂ, ಇನ್ಸುಲಿನ್ನನ್ನ ಬ್ಯಾಕ್ಟೀರಿಯಾ ಕೈಲೇ ಮಾಡಿಸ್ತಾರೆ ಅಂತ ಓದಿದೀವಿ. ಹಾಗಿದ್ಮೇಲೆ ಒಂದೊಂದೇ ಅಮೈನೋ ಆಸಿಡ್ ಜೋಡಿಸ್ಕೊಂಡು ಕೂರೋ ಕಷ್ಟ ಯಾಕೆ?
ಎಂಎಸ್ಸಿ ವಿದ್ಯಾರ್ಥಿನಿ, ಮಾನಸಗಂಗೋತ್ರಿ

ನೋಡಮ್ಮ, ಮೊದಲು ಹೇಗೆ ಕಟ್ತಾರೆ ಅಂತ ಹೇಳ್ಬಿಡ್ತೀನಿ, ಯಾಕೆ ಅನ್ನೋದು ಅದರಲ್ಲೇ ಗೊತ್ತಾಗುತ್ತೆ. ಹೂ ಕಟ್ಟೋ ಅಜ್ಜಿಯರು ಬಾಳೆನಾರಿನ ಒಂದು ತುದಿನ ಕಾಲ್ಬೆರಳಿಗೆ ಸಿಗಿಸ್ಕೊಂಡು ಕೂರೋದು ನೋಡಿರ್ತೀಯ, ತುದಿ ಗಟ್ಟಿಯಾಗಿ ನಿಂತಿದ್ರೆ ಕೈ ಎರಡೂ ಹೂವಿನ ಕಡೆಗೇ ಇರುತ್ತೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಶೋಧನಾ ಸಂಸ್ಥೆಯಲ್ಲಿದ್ದ ಬ್ರೂಸ್ ಮೆರಿಫೀಲ್ಡ್ 1963ರಲ್ಲಿ ತೋರಿಸಿದ್ದೂ ಇದೇ ಉಪಾಯ. ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್ಕಿನ ಸಣ್ಣ ಸಣ್ಣ ಮಣಿ, ನೋಡೋಕೆ ಚಿರೋಟಿ ರವೆ ಥರ, ಅದಕ್ಕೆ ಮೊದಲನೇ ಅಮೈನೋ ಆಸಿಡ್ ಕಟ್ಟಿಬಿಡೋದು, ಆಮೇಲೆ ಎರಡನೇದು, ಮೂರನೇದು. ಸೇರಿಸೋ ಪ್ರತಿಯೊಂದರ ತಲೆಗೂ ಒಂದು ಟೋಪಿ ಹಾಕಿರ್ತಾರೆ, ಹಾಗಾಗಿ ಒಂದು ಸಲಕ್ಕೆ ಒಂದೇ ಸೇರುತ್ತೆ. ಸೇರಿದ್ಮೇಲೆ ಟೋಪಿ ತೆಗೆದು ಮುಂದಿನದು. ಮಿಕ್ಕಿದ್ದೆಲ್ಲ ತೊಳೆದು ಚೆಲ್ಲಬಹುದು ಯಾಕಂದ್ರೆ ನಮ್ಮ ಸರ ಮಣಿಗೆ ಅಂಟ್ಕೊಂಡೇ ಇರುತ್ತೆ. ಹಳೇ ಕಾಲದಲ್ಲಿ ಪ್ರತಿ ಹೆಜ್ಜೆಗೂ ಶುದ್ಧ ಮಾಡಿ ಹರಳು ಮಾಡಿ ತಿಂಗಳುಗಟ್ಟಲೆ ಒದ್ದಾಡ್ತಿದ್ರು, ಅದು ತಪ್ಪಿತು. ಮೆರಿಫೀಲ್ಡ್‌ಗೆ 1984ರಲ್ಲಿ ನೊಬೆಲ್ ಬಂತು.

ಕೇಳೋಕೆ ಸುಲಭ, ಮಾಡೋಕೆ ಕೂತಾಗ ಗೊತ್ತಾಗುತ್ತೆ. ಒಂದೊಂದು ಹೆಜ್ಜೆನೂ ನೂರಕ್ಕೆ 99 ಸರಿಯಾಯ್ತು ಅಂತಿಟ್ಕೋ, 50 ಹೆಜ್ಜೆ ಆಗೋಷ್ಟರಲ್ಲಿ ಸರಿಯಾಗಿರೋ ಸರ ನೂರಕ್ಕೆ 60 ಉಳಿಯುತ್ತೆ, 100 ಹೆಜ್ಜೆಗೆ ಬರೀ 37. ಅದಕ್ಕೇ ಪ್ರತಿ ಹೆಜ್ಜೆಗೂ ಪರೀಕ್ಷೆ ಮಾಡ್ಬೇಕು. ಹತ್ತಿಪ್ಪತ್ತು ಮಣಿ ಒಂದು ಪುಟ್ಟ ಗಾಜಿನ ಟ್ಯೂಬಿಗೆ ಹಾಕಿ, ಖಾಲಿ ಅಮೈನೋ ತುದಿ ಸಿಕ್ಕಿದ್ರೆ ನೀಲಿಯಾಗೋ ನಿನ್‌ಹೈಡ್ರಿನ್ ದ್ರಾವಣದ ಎರಡು ಮೂರು ಹನಿ ಬಿಟ್ಟು, ಐದು ನಿಮಿಷ ಬಿಸಿ ಮಾಡೋದು. ಮಣಿ ಹಳದಿಯಾಗೇ ಇದ್ರೆ ಎಲ್ಲ ಸೇರಿದೆ ಅಂತ. ಕಡು ನೀಲಿಗೆ ತಿರುಗಿದ್ರೆ ಇನ್ನೂ ಖಾಲಿ ತುದಿಗಳಿವೆ, ಮತ್ತೆ ಸೇರಿಸು ಅಂತ. ನಂಗೆ ಒಂದು ಸರದಲ್ಲಿ 34ನೇ ಜಾಗದಲ್ಲಿ ರಾತ್ರಿ ಹನ್ನೊಂದಾದ್ರೂ ನೀಲಿ ಹೋಗಲೇ ಇಲ್ಲ, ಮೂರನೇ ಸಲ ಸೇರಿಸಿದಾಗ ಮಣಿ ಹಳದಿ ಉಳಿದಿದ್ದು ನೋಡಿ ಲ್ಯಾಬಲ್ಲಿ ಒಬ್ಳೇ ಜೋರಾಗಿ ಕೂಗಿದ್ದೆ. ಕೊನೆಗೆ ಆಸಿಡ್ ಹಾಕಿ ಮಣಿಯಿಂದ ಬಿಡಿಸಿ, ತಣ್ಣಗಿರೋ ಈಥರ್‌ಗೆ ಸುರಿದಾಗ ಹಾಲು ಒಡೆದ ಹಾಗೆ ಬೆಳ್ಳಗೆ ಇಳಿಯುತ್ತಲ್ಲ, ಅದನ್ನ ನೋಡೋದೇ ಒಂದು ಸಂತೋಷ.

ಇನ್ನು ಯಾಕೆ ಅನ್ನೋದು. ಬ್ಯಾಕ್ಟೀರಿಯಾ ಬಹಳ ಒಳ್ಳೆ ಕೆಲಸಗಾರ, 1982ರಿಂದ ಮನುಷ್ಯರ ಇನ್ಸುಲಿನ್ ಮಾಡ್ಕೊಡ್ತಿದೆ. ಆದ್ರೆ ಅದಕ್ಕೆ ಗೊತ್ತಿರೋ ಹೂವು ಇಪ್ಪತ್ತೇ ಬಗೆ, ನಾವು ಹೇಳಿದ ಜಾಗದಲ್ಲಿ ಇಪ್ಪತ್ತೊಂದನೇದು ಕಟ್ಟು ಅಂದ್ರೆ ಅದರ ಪಾಡಿಗೆ ಅದು ಕಟ್ಟಲ್ಲ. ರಸಾಯನ ವಿಜ್ಞಾನಿ ಸ್ಟೀಫನ್ ಕೆಂಟ್ ಅವರ ಗುಂಪು 1992ರಲ್ಲಿ ಮಾಡಿದ್ದನ್ನ ತಗೋ: ಎಚ್‌ಐವಿ ವೈರಸ್ಸಿನ ಪ್ರೋಟಿಯೇಸ್, ಅಂದ್ರೆ ಬೇರೆ ಪ್ರೋಟೀನನ್ನ ಕತ್ತರಿಸೋ ಪ್ರೋಟೀನ್, 99 ಅಮೈನೋ ಆಸಿಡ್ಡಿನ ಸರ, ಅದನ್ನ ಪೂರ್ತಿ ಕನ್ನಡಿಯೊಳಗಿನ ಪ್ರತಿಬಿಂಬದ ರೂಪದಲ್ಲಿ, ಅಂದ್ರೆ ಎಲ್ಲಾ ಡಿ ಅಮೈನೋ ಆಸಿಡ್ ಹಾಕಿ ಕಟ್ಟಿದ್ರು. ಅದು ಕೆಲಸನೂ ಮಾಡ್ತು, ಆದ್ರೆ ಪ್ರತಿಬಿಂಬದ ಪೆಪ್ಟೈಡನ್ನ ಮಾತ್ರ ಕತ್ತರಿಸ್ತು, ಮಾಮೂಲಿದನ್ನ ಮುಟ್ಟಲಿಲ್ಲ. ಇದನ್ನ ಯಾವ ಜೀವಕೋಶದ ಕೈಲೂ ಮಾಡಿಸೋಕೆ ಆಗ್ತಿರಲಿಲ್ಲ.

ಇನ್ನೊಂದು ಕಾರಣ ನಂಗೆ ಇದಕ್ಕಿಂತ ದೊಡ್ಡದು ಅನ್ಸುತ್ತೆ. ಡಿಎನ್‌ಎ ಸುತ್ತಿಕೊಂಡಿರೋ ಹಿಸ್ಟೋನ್ ಪ್ರೋಟೀನ್ ಇದ್ಯಲ್ಲ, ಅದರ ಬಾಲದ ಮೇಲೆ ಇಲ್ಲೊಂದು ಅಸಿಟೈಲ್, ಅಲ್ಲೊಂದು ಮೀಥೈಲ್, ಮತ್ತೊಂದು ಕಡೆ ಫಾಸ್ಫೇಟ್ ಅಂತ ಪುಟ್ಟ ರಾಸಾಯನಿಕ ಗುರುತುಗಳು ಅಂಟಿರುತ್ತೆ. ಜೀವಕೋಶದಿಂದ ತೆಗೆದ್ರೆ ಎಲ್ಲ ಕಲಬೆರಕೆ, ಯಾವ ಗುರುತು ಏನು ಮಾಡ್ತು ಅಂತ ಹೇಳೋದು ಹೇಗೆ? ನಾವೇ ಕಟ್ಟಿದ್ರೆ ಒಂದೇ ಜಾಗಕ್ಕೆ ಒಂದೇ ಗುರುತು ಹಾಕಿ, ಎಲ್ಲಾ ಕಣಗಳೂ ಒಂದೇ ಥರ ಇರೋ ಹಾಗೆ ಮಾಡ್ಕೊಂಡು ಕೇಳಬಹುದು. ಎಲ್ಲಿ ಅಂಟಿಸಿದೀವಿ ಅನ್ನೋದು ಖಚಿತವಾಗಿ ಗೊತ್ತಿದ್ರೆ ಮಾತ್ರ ಉತ್ತರಕ್ಕೆ ಬೆಲೆ.

ಉದ್ದ ಸರಕ್ಕೆ ಎರಡು ತುಂಡು ಬೇರೆ ಬೇರೆ ಕಟ್ಟಿ ಆಮೇಲೆ ಗಂಟು ಹಾಕ್ತಾರೆ. ಅದಕ್ಕೂ 1994ರಲ್ಲಿ ಕೆಂಟ್ ಅವರ ಗುಂಪೇ ದಾರಿ ಮಾಡ್ಕೊಡ್ತು, ನೇಟಿವ್ ಕೆಮಿಕಲ್ ಲೈಗೇಶನ್ ಅಂತ. ಒಂದು ತುಂಡಿನ ಬಾಲದಲ್ಲಿ ಥಯೋಎಸ್ಟರ್ ಅನ್ನೋ ಗಂಧಕ ಇರೋ ಗುಂಪು, ಇನ್ನೊಂದರ ತಲೆಯಲ್ಲಿ ಸಿಸ್ಟೀನ್ ಅನ್ನೋ ಗಂಧಕ ಇರೋ ಅಮೈನೋ ಆಸಿಡ್ ಇದ್ರೆ ನೀರಲ್ಲೇ ಒಂದನ್ನೊಂದು ಹಿಡ್ಕೊಳ್ಳುತ್ತೆ, ಕೊನೆಗೆ ಉಳಿಯೋದು ಅಮೈನೋ ಆಸಿಡ್‌ಗಳನ್ನ ಒಂದಕ್ಕೊಂದು ಸೇರಿಸೋ ಮಾಮೂಲಿ ಪೆಪ್ಟೈಡ್ ಕೊಂಡಿನೇ, ಗಂಟು ಬಿದ್ದ ಗುರುತೇ ಇರಲ್ಲ. ಒಂದು ತುಂಡನ್ನ ಬ್ಯಾಕ್ಟೀರಿಯಾ ಕೈಲಿ ಮಾಡಿಸಿ ಇನ್ನೊಂದನ್ನ ನಾವು ಕಟ್ಟಿ ಸೇರಿಸೋದೂ ಇದೆ, ಹಾಗಾಗಿ ಇಬ್ಬರಲ್ಲಿ ಯಾರು ಮೇಲು ಅನ್ನೋ ಜಗಳನೇ ಬೇಡ.

ಅಕ್ಕ, ನಂಗೆ ಶುಗರ್ ಇದೆ. ಟೆಸ್ಟಿಗೆ ಮುಂಚೆ ನಾಲ್ಕು ದಿನ ಬೆಲ್ಲ, ಅನ್ನ ಎಲ್ಲ ಬಿಟ್ಟು ಹೋದ್ರೂ ಎಚ್‌ಬಿಎ1ಸಿ ಜಾಸ್ತಿನೇ ಬಂತು. ಲ್ಯಾಬೋರ ತಪ್ಪಾ?
ಗೃಹಿಣಿ, ಮಂಡ್ಯ

ಅವರ ತಪ್ಪಲ್ಲ ಅಕ್ಕ. ಎಚ್‌ಬಿಎ1ಸಿ ಅಂದ್ರೆ ಸಕ್ಕರೆ ಅಂಟಿರೋ ಹಿಮೋಗ್ಲೋಬಿನ್, ರಕ್ತಕ್ಕೆ ಕೆಂಪು ಬಣ್ಣ ಕೊಡೋ ಪ್ರೋಟೀನ್ ಅದು. ಈ ಪತ್ರ ಆರಿಸ್ಕೊಳ್ಳೋಕೆ ಕಾರಣ ಏನಂದ್ರೆ, ಪ್ರೋಟೀನಿಗೆ ಇನ್ನೊಂದು ಅಂಟೋದು ಲ್ಯಾಬಲ್ಲಿ ಮಾತ್ರ ಅಲ್ಲ, ನಿಮ್ಮ ರಕ್ತದಲ್ಲೂ ನನ್ನ ರಕ್ತದಲ್ಲೂ ಈಗ ಆಗ್ತಾನೇ ಇದೆ. ಹಿಮೋಗ್ಲೋಬಿನ್ನಿನ ಬೀಟಾ ಸರದ ತಲೆಯಲ್ಲಿ ವ್ಯಾಲೀನ್ ಅಂತ ಒಂದು ಅಮೈನೋ ಆಸಿಡ್ ಇದೆ, ರಕ್ತದಲ್ಲಿ ಸುತ್ತಾಡೋ ಗ್ಲೂಕೋಸ್ ಯಾರ ಸಹಾಯನೂ ಇಲ್ದೆ, ಎಂಜೈಮ್ ಗಿಂಜೈಮ್ ಏನೂ ಬೇಡ, ತಾನಾಗೇ ನಿಧಾನವಾಗಿ ಹೋಗಿ ಅಲ್ಲಿ ಅಂಟ್ಕೊಳ್ಳುತ್ತೆ. ಅಂಟಿದ್ದು ಒಳಗೇ ಸ್ವಲ್ಪ ರೂಪ ಬದಲಾಯಿಸ್ಕೊಂಡು ಗಟ್ಟಿಯಾಗಿ ಕೂತ್ಬಿಡುತ್ತೆ, ನಾಲ್ಕು ದಿನದ ಪಥ್ಯಕ್ಕೆ ಬಿಟ್ಟು ಬರಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಆ ಕಣ ಬದುಕಿದ್ದಷ್ಟು ದಿನ ಎಷ್ಟು ಸಕ್ಕರೆ ಕಂಡಿದೆ ಅನ್ನೋ ಲೆಕ್ಕ ಅದರ ಮೈಮೇಲೇ ಇರುತ್ತೆ. ಅದಕ್ಕೇ ಎರಡು ಮೂರು ತಿಂಗಳ ಸರಾಸರಿ ಅಂತ ಡಾಕ್ಟ್ರು ಹೇಳೋದು. ಸಕ್ಕರೆ ಕಾಯಿಲೆ ಇರೋರಲ್ಲಿ ಈ ಬಗೆ ಹಿಮೋಗ್ಲೋಬಿನ್ ಜಾಸ್ತಿ ಇದೆ ಅನ್ನೋದನ್ನ 1960ರ ದಶಕದ ಕೊನೆಯಲ್ಲಿ ಇರಾನಿನ ಸ್ಯಾಮುಯೆಲ್ ರಹಬರ್ ಗಮನಿಸಿದ್ರು.

ದೋಸೆ ಕಾವಲಿ ಮೇಲೆ ಹೊಂಬಣ್ಣಕ್ಕೆ ಬರುತ್ತಲ್ಲ, ಅದಕ್ಕೂ ಇದೇ ನೆಂಟಸ್ತಿಕೆ: ಸಕ್ಕರೆ, ಅಮೈನೋ ತುದಿ ಎರಡೂ ಸೇರೋದು. ಅಲ್ಲಿ ಬೆಂಕಿ ಇದೆ, ನಿಮಿಷದಲ್ಲಿ ಆಗುತ್ತೆ, ಮೈಯಲ್ಲಿ ಉಗುರು ಬೆಚ್ಚಗೆ ವಾರಗಟ್ಟಲೆ ಆಗುತ್ತೆ. ಒಂದು ಮಾತು ಮಾತ್ರ ನೆನಪಿಟ್ಕೊಳ್ಳಿ, ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ರೆ ಈ ಲೆಕ್ಕ ಏರುಪೇರಾಗುತ್ತೆ, ನಮ್ಮ ಕಡೆ ಹೆಣ್ಮಕ್ಕಳಲ್ಲಿ ಇದು ಬಹಳ. ಹಿಮೋಗ್ಲೋಬಿನ್ ಎಷ್ಟಿದೆ ಅಂತಲೂ ಡಾಕ್ಟ್ರಿಗೆ ತೋರಿಸಿ. ಮುಂದಿನ ಸಲ ನಾಲ್ಕು ದಿನ ಉಪವಾಸ ಮಾಡಿ ಸುಸ್ತಾಗ್ಬೇಡಿ ಅಕ್ಕ, ದಯವಿಟ್ಟು.

ಮೇಡಂ, ನಮ್ಮೂರಲ್ಲಿ ಹಾಲು ಕರೆಯೋ ಮುಂಚೆ ಹಸುಗೆ ಇಂಜೆಕ್ಷನ್ ಚುಚ್ತಾರೆ. ಅದು ಕೆಮಿಕಲ್, ವಿಷ ಅಂತ ಕೆಲವರು, ಏನೂ ಆಗಲ್ಲ ಅಂತ ಕೆಲವರು. ನಿಜ ಏನು?
ರೈತ, ಪಾಂಡವಪುರ ತಾಲ್ಲೂಕು

ಆ ಇಂಜೆಕ್ಷನ್ ಹೆಸರು ಆಕ್ಸಿಟೋಸಿನ್ ಆಗಿದ್ರೆ ಅದು ವಿಷ ಅಲ್ಲ. ಒಂಬತ್ತೇ ಅಮೈನೋ ಆಸಿಡ್ಡಿನ ಪುಟ್ಟ ಸರ, ಒಂದನೇ ಮತ್ತೆ ಆರನೇ ಜಾಗದ ಸಿಸ್ಟೀನ್‌ಗಳು ಕೈ ಕೈ ಹಿಡ್ಕೊಂಡು ಉಂಗುರ ಆಗಿರುತ್ತೆ. ಕರು ಕೆಚ್ಚಲಿಗೆ ಬಾಯಿ ಹಾಕಿ ಗುದ್ದಿದಾಗ ಹಸುವಿನ ಮೆದುಳಿನ ಕಡೆಯಿಂದ ಬರೋದೂ ಇದೇನೇ, ಆಗ ಸೊರೆ ಬಿಡುತ್ತೆ. ಅಮೆರಿಕದ ವಿನ್ಸೆಂಟ್ ಡು ವಿನ್ಯೋ 1953ರಲ್ಲಿ ಇದನ್ನ ಲ್ಯಾಬಲ್ಲಿ ಕಟ್ಟಿದ್ರು, ಪೆಪ್ಟೈಡ್ ಹಾರ್ಮೋನ್ ಒಂದನ್ನ ಮನುಷ್ಯ ಕೈಯಾರೆ ಕಟ್ಟಿದ್ದು ಅದೇ ಮೊದಲು, 1955ರಲ್ಲಿ ನೊಬೆಲ್ ಬಂತು. ಲ್ಯಾಬಲ್ಲಿ ಕಟ್ಟಿದ್ದಕ್ಕೂ ಮೈಯಲ್ಲಿ ಹುಟ್ಟಿದ್ದಕ್ಕೂ ಒಂದು ಪರಮಾಣುವಿನಷ್ಟೂ ವ್ಯತ್ಯಾಸ ಇಲ್ಲ. ಹೆರಿಗೆ ಆದ ತಕ್ಷಣ ರಕ್ತ ಜಾಸ್ತಿ ಹೋಗದ ಹಾಗೆ ಬಾಣಂತಿಗೆ ಕೊಡೋ ಇಂಜೆಕ್ಷನ್ ಇದೇ. ಎಷ್ಟು ತಾಯಂದಿರ ಜೀವ ಉಳಿಸಿದೆ ಇದು, ಅದಕ್ಕೇ ಬರೀ ಕೆಮಿಕಲ್ ಅಂತ ಬೈದ್ರೆ ನಂಗೆ ಸಂಕಟ ಆಗುತ್ತೆ.

ಹಾಗಂತ ದಿನಾ ಎರಡು ಹೊತ್ತು ಹಸುಗೆ ಚುಚ್ಚೋದು ಸರೀನಾ ಅಂದ್ರೆ, ಖಂಡಿತ ಅಲ್ಲ. ಇದು ಗರ್ಭಕೋಶನೂ ಹಿಂಡುತ್ತೆ, ಹಸುಗೆ ಅದು ನೋವು. ದಿನಾ ಚುಚ್ಚಿಸ್ಕೊಂಡ ಹಸು ಸೂಜಿ ಇಲ್ದೆ ಸೊರೆನೇ ಬಿಡದ ಹಾಗೆ ಆಗೋದೂ ಉಂಟು. ಆರೋಗ್ಯಕ್ಕೆ ಕೆಡುಕಾಗೋ ಹಾಗೆ ಹಾಲಿಗೋಸ್ಕರ ಇಂಜೆಕ್ಷನ್ ಚುಚ್ಚೋದು ಪ್ರಾಣಿಹಿಂಸೆ ತಡೆ ಕಾಯ್ದೆ, 1960, ಅದರ 12ನೇ ಕಲಂ ಪ್ರಕಾರ ಅಪರಾಧ. ಹಾಲಲ್ಲಿ ಸ್ವಲ್ಪ ಬಂದ್ರೂ ನಮ್ಮ ಹೊಟ್ಟೆ ಅದನ್ನ ಬೇರೆ ಪ್ರೋಟೀನ್ ಥರನೇ ಕತ್ತರಿಸಿ ಹಾಕುತ್ತೆ, ನಂಗೆ ಜಾಸ್ತಿ ಚಿಂತೆ ಇರೋದು ಹಸುದೇ. ಕರುನ ಮೊದಲು ಬಿಡಿ, ಕೆಚ್ಚಲು ಬೆಚ್ಚಗಿನ ನೀರಲ್ಲಿ ತೊಳೆದು ಒಂದು ನಿಮಿಷ ಕೈಯಾಡಿಸಿ, ಆಕ್ಸಿಟೋಸಿನ್ ತಾನೇ ಬರುತ್ತೆ. ಕರು ಇಲ್ದೆ ಕಷ್ಟ ಆಗಿದ್ರೆ ಪಶುವೈದ್ಯರನ್ನ ಕೇಳಿ.

ಕೊಲಾಜೆನ್ ಪೌಡರ್ ಕುಡಿದ್ರೆ ಅದು ನೇರವಾಗಿ ಮುಖಕ್ಕೆ ಹೋಗುತ್ತಾ?
ಕಾಲೇಜು ಹುಡುಗಿ, ಸರಸ್ವತಿಪುರಂ

ಇಲ್ಲ. ಹೊಟ್ಟೆ, ಕರುಳು ಸೇರಿ ಹೂವಿನ ಸರನ ಬಿಡಿ ಹೂವು, ಸಣ್ಣ ತುಂಡು ಮಾಡಿಬಿಡುತ್ತೆ, ಅದನ್ನ ಎಲ್ಲಿ ಕಟ್ಟಬೇಕು ಅಂತ ನಿನ್ನ ಮೈ ತೀರ್ಮಾನ ಮಾಡುತ್ತೆ, ಡಬ್ಬದ ಮೇಲಿನ ಚಿತ್ರ ಅಲ್ಲ. ಇನ್ಸುಲಿನ್ನನ್ನ ಮಾಮೂಲಿ ಮಾತ್ರೆ ಥರ ನುಂಗದೆ ಚುಚ್ಕೊಳ್ಳೋದೂ ಇದೇ ಕಾರಣಕ್ಕೆ.

ಮೇಡಂ, ನಮ್ಮದು ಹಳ್ಳಿ ಹೈಸ್ಕೂಲು, ಲ್ಯಾಬ್ ಅಂತ ಹೇಳ್ಕೊಳ್ಳೋಕೆ ಏನಿಲ್ಲ. ಪ್ರೋಟೀನ್ ಒಂದು ಸರ ಅಂತ ಮಕ್ಕಳಿಗೆ ಕಣ್ಣಾರೆ ತೋರಿಸೋಕೆ ಏನಾದ್ರೂ ಇದ್ಯಾ?
ವಿಜ್ಞಾನ ಶಿಕ್ಷಕರು, ಮದ್ದೂರು ತಾಲ್ಲೂಕು

ಇದೆ ಸರ್, ಬೇಕಾದ ಮುಖ್ಯ ವಸ್ತು ತೋಟ ಇರೋರ ಮನೇಲೇ ಸಿಗುತ್ತೆ, ಮೈಲುತುತ್ತ. ಬೋರ್ಡೋ ದ್ರಾವಣಕ್ಕೆ ಸುಣ್ಣದ ಜೊತೆ ಕಲಸ್ತಾರಲ್ಲ, ಅದೇ ನೀಲಿ ಹರಳು. ಒಂದು ಗ್ರಾಂ ತಗೊಂಡು 100 ಮಿಲಿ ನೀರಲ್ಲಿ ಕರಗಿಸಿ ಇಟ್ಕೊಳ್ಳಿ. ಕಾಸ್ಟಿಕ್ ಸೋಡಾದ ನೀರು ನೂರಕ್ಕೆ ಹತ್ತರಷ್ಟು ಸಾಕು, ಅದನ್ನ ಮಾತ್ರ ನೀವೇ ಗ್ಲೌಸು, ಕನ್ನಡಕ ಹಾಕ್ಕೊಂಡು ಮಾಡಿ, ನೀರಿಗೆ ಸೋಡಾ ಹಾಕಿ, ಸೋಡಾಕ್ಕೆ ನೀರು ಸುರೀಬೇಡಿ, ಮಕ್ಕಳ ಕೈಗೆ ಕೊಡ್ಲೇಬೇಡಿ. ಕಣ್ಣಿಗೆ ಬಿದ್ರೆ ಬಹಳ ಅಪಾಯ.

ಮೂರು ಗಾಜಿನ ಟ್ಯೂಬಲ್ಲಿ ಒಂದಕ್ಕೆ ನೀರು ಬೆರೆಸಿದ ಮೊಟ್ಟೆ ಬಿಳಿ, ಒಂದಕ್ಕೆ ತೆಳ್ಳಗೆ ಮಾಡಿದ ಹಾಲು, ಇನ್ನೊಂದಕ್ಕೆ ಬರೀ ನೀರು, ಎರಡೆರಡು ಮಿಲಿ ಹಾಕಿ. ಅಷ್ಟೇ ಕಾಸ್ಟಿಕ್ ನೀರು ಬಿಡಿ, ಆಮೇಲೆ ಮೈಲುತುತ್ತದ ನೀರು ನಾಲ್ಕೈದು ಹನಿ, ನಿಧಾನಕ್ಕೆ ಅಲ್ಲಾಡಿಸಿ. ಬರೀ ನೀರಿಂದು ನೀಲಿಯಾಗೇ ಇರುತ್ತೆ, ಮೊಟ್ಟೆದು ನೇರಳೆಗೆ ತಿರುಗುತ್ತೆ, ಹಾಲಿಂದು ಸ್ವಲ್ಪ ಮಬ್ಬಾದ ನೇರಳೆ. ಇದಕ್ಕೆ ಬೈಯುರೆಟ್ ಪರೀಕ್ಷೆ ಅಂತಾರೆ. ಚೆಂದ ಏನು ಗೊತ್ತಾ ಸರ್, ತಾಮ್ರ ಇಲ್ಲಿ ಹಿಡಿಯೋದು ಬಿಡಿ ಹೂವನ್ನಲ್ಲ, ಹೂವಿನ ನಡುವಿನ ಕೊಂಡಿನ. ಒಂಟಿ ಅಮೈನೋ ಆಸಿಡ್ಡಿಗೆ ಈ ನೇರಳೆ ಬರಲ್ಲ, ಕನಿಷ್ಠ ಎರಡು ಪೆಪ್ಟೈಡ್ ಕೊಂಡಿ ಇರ್ಲೇಬೇಕು. ತೊಗರಿಬೇಳೆ ಬೇಯಿಸಿದ ಕಟ್ಟು ಸೋಸಿ ನಾಲ್ಕನೇ ಟ್ಯೂಬಿಗೆ ಹಾಕಿ, ಕಬ್ಬಿನ ಹಾಲು ಐದನೇದಕ್ಕೆ, ಯಾವುದು ನೇರಳೆ ಆಗುತ್ತೆ ಅಂತ ಮಕ್ಕಳು ಮೊದಲೇ ಪುಸ್ತಕದಲ್ಲಿ ಬರೆದಿಡ್ಲಿ, ಆಮೇಲೆ ಹನಿ ಬಿಡಿ. ಏನೇನು ಬರೆದ್ರು ಅಂತ ನಂಗೂ ಒಂದು ಕಾರ್ಡ್ ಹಾಕಿ ಸರ್.